‘ನಾವೆಲ್ಲ ಒಂದೇ ಫ್ಯಾಮಿಲಿ’ ಎನ್ನುವ ಕಂಪನಿಗೆ ಒಂದು ಪ್ರಶ್ನೆ



ಇಂಟರ್ವ್ಯೂ ಮುಗಿಸಿ ಬಂದ ನಮ್ಮ ಹುಡುಗ ಹುಡುಗಿಯರನ್ನು ‘ಕಂಪನಿ ಹೇಗಿದೆ?’ ಎಂದು ಕೇಳಿ ನೋಡಿ. ಕ್ಯಾಂಟೀನ್ ಇದೆ, ಬಸ್ ಇದೆ, ಪಿಎಫ್ ಹಿಡಿಯುತ್ತಾರೆ, ‘ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ’ ಅಂತ ಎಚ್‌ಆರ್ ಮೇಡಂ ಹೇಳಿದರು ಎನ್ನುತ್ತಾರೆ. ಮನೆಯವರಿಗೂ ಅಷ್ಟಕ್ಕೇ ಸಮಾಧಾನ. ಕೇಳಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಅಲ್ಲಿ ಎಲ್ಲರಿಗಿಂತ ಕೆಳಗಿನ ಹುದ್ದೆಯವನು ‘ಸಾರ್, ಇದು ಸರಿಯಿಲ್ಲ’ ಎಂದರೆ ಅವನಿಗೆ ಏನಾಗುತ್ತದೆ?

ಆ ಪ್ರಶ್ನೆಗೆ ಸಿಗುವ ಉತ್ತರವೇ ಆ ಕಂಪನಿಯ ಸಂಸ್ಕೃತಿ. ಗೋಡೆಯ ಮೇಲಿನ ಪೋಸ್ಟರು, ವರ್ಷಕ್ಕೊಂದು ಟೂರು, ಹುಟ್ಟುಹಬ್ಬದ ಕೇಕು ಇವೆಲ್ಲ ಚೆನ್ನಾಗಿರಬಹುದು. ಆದರೆ ಅವು ಸಂಸ್ಕೃತಿಯಲ್ಲ.

ಇದು ಬರೀ ಮನಸ್ಸಿಗೆ ನೋವಾಗುವ ವಿಷಯವಲ್ಲ, ಪ್ರಾಣ ಹೋಗುವ ವಿಷಯ. ಕಲ್ಪನಾ ಚಾವ್ಲಾ ಅವರು ತೀರಿಕೊಂಡದ್ದು ಹೇಗೆಂದು ನೆನಪಿಸಿಕೊಳ್ಳಿ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹಾರಿದ ಸುಮಾರು 82 ಸೆಕೆಂಡಿಗೆ, ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ನಾಸಾದ ಎಂಜಿನಿಯರುಗಳಿಗೆ ಅನುಮಾನ ಬಂತು. ರೆಕ್ಕೆಗೆ ಎಷ್ಟು ಹಾನಿಯಾಗಿದೆ ಎಂದು ತಿಳಿಯಲು ಆಕಾಶದಲ್ಲಿರುವ ನೌಕೆಯ ಫೋಟೋ ತೆಗೆಸಿಕೊಡಿ ಎಂದು ಕೇಳಿದರು. ಮೇಲಿನವರು ತೆಗೆಸಲಿಲ್ಲ. ಹಿಂದೆಯೂ ಫೋಮ್ ಬಿದ್ದಿತ್ತು, ಏನೂ ಆಗಿರಲಿಲ್ಲವಲ್ಲ ಎಂಬ ಧೈರ್ಯ ಅವರಿಗೆ. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಚೂರುಚೂರಾಯಿತು, ಏಳು ಜನ ಸತ್ತರು. ತನಿಖಾ ಮಂಡಳಿ ಅದೇ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ, ಈ ಅಪಘಾತಕ್ಕೆ ಫೋಮ್ ಎಷ್ಟು ಕಾರಣವೋ ನಾಸಾದ ಸಂಸ್ಕೃತಿಯೂ ಅಷ್ಟೇ ಕಾರಣ ಎಂದು ಸ್ಪಷ್ಟವಾಗಿ ಬರೆಯಿತು.

ಹೊಟ್ಟೆ ಉರಿಯುವ ಸಂಗತಿಯೆಂದರೆ ಇದು ಎರಡನೆಯ ಸಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ 73 ಸೆಕೆಂಡಿನಲ್ಲಿ ನಾಶವಾಗಿ ಏಳು ಜನ ಹೋಗಿದ್ದರು. ಈ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರಗಳು ಗಟ್ಟಿಯಾಗುತ್ತವೆ, ನಾಳೆ ಹಾರಿಸಬೇಡಿ ಎಂದು ಆ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳೇ ಹಿಂದಿನ ರಾತ್ರಿ ಅಂಗಲಾಚಿದ್ದರು. ಅವರ ಮಾತನ್ನು ಪಕ್ಕಕ್ಕೆ ಸರಿಸಿದವರು ಅವರದೇ ಕಂಪನಿಯ ಮೇಲಧಿಕಾರಿಗಳು. ಜಗತ್ತಿನ ಬುದ್ಧಿವಂತರೆಲ್ಲ ಸೇರಿದ ಜಾಗದಲ್ಲಿಯೇ 17 ವರ್ಷದಲ್ಲಿ ಪಾಠ ಮರೆತುಹೋಯಿತು ಎಂದಮೇಲೆ, ನಮ್ಮ ಹುಡುಗರು ಪ್ರೆಸ್ ಮೆಷೀನಿನ ಮುಂದೆ ನಿಲ್ಲುವ ಸಣ್ಣ ಶೆಡ್ಡುಗಳ ಗತಿ ಏನು?

ಇನ್ನು ಟಾರ್ಗೆಟ್ ವಿಚಾರ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ತನ್ನ ಮೌಲ್ಯಗಳ ಬಗ್ಗೆ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿತ್ತು. ಅದೇ ಬ್ಯಾಂಕಿನ ನೌಕರರು ಟಾರ್ಗೆಟ್ ಮುಟ್ಟಿಸಲಾಗದೆ, ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಲಕ್ಷಾಂತರ ಖಾತೆಗಳನ್ನು ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅದರ ಹಿಂದಿನ ವರ್ಷಗಳಲ್ಲಿ ಬ್ಯಾಂಕು ಈ ಕಾರಣಕ್ಕೆ ಕೆಲಸದಿಂದ ತೆಗೆದದ್ದು ಸುಮಾರು 5,300 ಜನರನ್ನು, ಹೆಚ್ಚಿನವರು ಕೆಳಗಿನ ಹುದ್ದೆಯವರು. ಟಾರ್ಗೆಟ್ ಇಟ್ಟವರು ಮೇಲೆ, ಮನೆಗೆ ಹೋದವರು ಕೆಳಗೆ. ದೂರು ಕೊಡಲೆಂದೇ ಇದ್ದ ನಂಬರಿಗೆ ಫೋನ್ ಮಾಡಿದ್ದಕ್ಕೆ ನಮ್ಮನ್ನೇ ತೆಗೆದುಹಾಕಿದರು ಎಂದು ಕೆಲವರು ಆಮೇಲೆ ಹೇಳಿದರು. ನಮ್ಮಲ್ಲಿ ಲೋನ್, ಇನ್ಶೂರೆನ್ಸ್ ಮಾರುವ ಕೆಲಸಕ್ಕೆ ಸೇರಿದ ಮಕ್ಕಳಿದ್ದಾರೆ. ಈ ಕಥೆ ಅವರಿಗೆ ದೂರದ್ದು ಅನ್ನಿಸಲಾರದು.

‘ಎಲ್ಲರೂ ಬಾಯಿ ಬಿಡುತ್ತಾ ಕೂತರೆ ಕೆಲಸ ನಡೆಯುವುದು ಯಾವಾಗ?’ ಎಂದು ಕೇಳುವವರಿದ್ದಾರೆ. ಅವರಿಗೆ ಟೊಯೊಟಾ ಕಾರ್ಖಾನೆಗಳನ್ನು ತೋರಿಸುತ್ತೇನೆ. ಅಲ್ಲಿ ಲೈನಿನಲ್ಲಿ ನಿಂತ ಕೆಲಸಗಾರ ದೋಷ ಕಂಡ ಕೂಡಲೇ ತಲೆಯ ಮೇಲಿನ ಹಗ್ಗ ಎಳೆಯಬಹುದು. ಲೀಡರ್ ಓಡಿ ಬರುತ್ತಾನೆ, ತೊಂದರೆ ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತದೆ. ಹೀಗೆ ಮಾಡಿಯೂ ಆ ಕಂಪನಿ ಮುಳುಗಲಿಲ್ಲ, ಜಗತ್ತಿನ ದೊಡ್ಡ ಕಾರು ಕಂಪನಿಗಳಲ್ಲಿ ಒಂದಾಯಿತು. ಆದರೆ ನೆನಪಿಡಿ, ಹಗ್ಗ ಕಟ್ಟಿದರೆ ಸಾಲದು. ಎಳೆದವನಿಗೆ ಬೈಗುಳ ಬಿದ್ದರೆ ಎರಡನೆಯ ದಿನ ಆ ಹಗ್ಗವನ್ನು ಯಾರೂ ಮುಟ್ಟುವುದಿಲ್ಲ.

ನಮ್ಮಂಥ ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ಹೊಸೂರಿನ ಸಿಪ್ಕಾಟ್‌ನಲ್ಲಿ ಸೂಪರ್‌ವೈಸರ್ ತಮಿಳು, ಆಪರೇಟರ್ ಕನ್ನಡ, ಪಕ್ಕದ ಮೆಷೀನಿನ ಹುಡುಗ ಒಡಿಯಾ ಅಥವಾ ಹಿಂದಿ ಮಾತಾಡುವವನು ಆಗಿರಬಹುದು. ಎಚ್ಚರಿಕೆಯ ಬೋರ್ಡು ಓದಲು ಬಾರದ ಭಾಷೆಯಲ್ಲಿದ್ದರೆ ಅದು ಗೋಡೆಗೆ ಬಳಿದ ಬಣ್ಣ ಅಷ್ಟೇ. ಭಾಷೆ ಸರಿಯಾಗಿ ಬರದವನು ದೂರನ್ನು ನುಂಗಿಕೊಳ್ಳುತ್ತಾನೆ. ನಕ್ಕುಬಿಟ್ಟಾರು ಎಂಬ ಭಯ ಅವನಿಗೆ. ಅವನ ಮಾತನ್ನು ಮೇಲಿನವರಿಗೆ ದಾಟಿಸಲು ಎರಡು ಮೂರು ಭಾಷೆ ಬಲ್ಲ ನಮ್ಮವರಿಗಿಂತ ಯಾರು ಬೇಕು?

ಇನ್ನು ‘ಫ್ಯಾಮಿಲಿ’ ಎಂಬ ಮಾತು. ಆ ಮಾತನ್ನು ಕೇಳುವುದು ಹೆಚ್ಚಾಗಿ ಭಾನುವಾರ ಡ್ಯೂಟಿಗೆ ಕರೆಯುವಾಗ, ಇನ್‌ಕ್ರಿಮೆಂಟ್ ಕೊಡುವಾಗ ಅಲ್ಲ. ಜ್ವರ ಬಂದ ಮಗನ ಹೆಸರನ್ನು ಯಾವ ಅಮ್ಮನೂ ರಜಿಸ್ಟರಿನಿಂದ ಹೊಡೆದುಹಾಕುವುದಿಲ್ಲ. ಕಂಪನಿ ಕುಟುಂಬವಾಗಬೇಕಿಲ್ಲ, ನ್ಯಾಯವಾಗಿದ್ದರೆ ಸಾಕು. ಕಾರ್ಖಾನೆಯಲ್ಲಿ ವಾರಕ್ಕೆ 48 ಗಂಟೆ ಮೀರಿ ದುಡಿದರೆ ಎರಡು ಪಟ್ಟು ಕೂಲಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಒಳಗೇ ಒಂದು ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳುವುದು ಅಹಂಕಾರವಲ್ಲ, ನಮ್ಮ ಹೆಣ್ಣುಮಕ್ಕಳ ಹಕ್ಕು.

ಹೆತ್ತವರಲ್ಲಿ ಒಂದು ವಿನಂತಿ. ಮಗ ಮುಖ ಬಾಡಿಸಿಕೊಂಡು ಮನೆಗೆ ಬಂದಾಗ ‘ಅಡ್ಜಸ್ಟ್ ಮಾಡ್ಕೋ ಕಣೋ, ಎಲ್ಲ ಕಡೆ ಹಿಂಗೇ’ ಎನ್ನಬೇಡಿ. ಸಾಲದ ಕಂತು ಇದೆ, ಕೆಲಸ ಹೋದರೆ ಕಷ್ಟ, ನಿಜ. ಆದರೆ ಎಲ್ಲ ಕಡೆ ಹೀಗೇ ಆಗಲು ಈ ಮಾತೂ ಒಂದು ಕಾರಣ. ‘ಏನಾಯ್ತು ಹೇಳು’ ಎಂದು ಮೊದಲು ಕೇಳಿ. ಒಬ್ಬನೇ ಹೋಗಿ ಜಗಳ ಮಾಡಬೇಕೆಂದಿಲ್ಲ. ತಾರೀಖು ಹಾಕಿ ಬರೆದಿಡಲಿ, ಜೊತೆಯ ಇಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಲಿ.

ನಮ್ಮಲ್ಲೇ ಅಂಗಡಿ, ಬೇಕರಿ, ವರ್ಕ್‌ಶಾಪ್ ನಡೆಸುವವರಿದ್ದಾರೆ. ಮೇಲಿನ ಪ್ರಶ್ನೆ ಅವರಿಗೂ ಇದೆ. ನಿಮ್ಮ ಬೇಕರಿಯ ಹುಡುಗ ‘ಅಣ್ಣ, ಈ ವೈರ್ ಕರೆಂಟ್ ಹೊಡೀತಿದೆ’ ಎಂದಾಗ ನೀವು ಏನು ಹೇಳಿದಿರಿ? ಮುಂದಿನ ಯುವಕೂಟದಲ್ಲಿ ಇದನ್ನೇ ಮಾತಾಡೋಣ. ಕೆಲಸಕ್ಕೆ ಹೋಗುವವರೂ ಕೆಲಸ ಕೊಡುವವರೂ ಬನ್ನಿ.