ಡಿಫರೆನ್ಷಿಯಲ್ ಎಣ್ಣೆ: ಬದಲಿಸುವ ಹೊತ್ತು, ಹೊಳೆಯ ಹೊಣೆ

ಸಾಗರ ತಾಲ್ಲೂಕಿನ ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಬಳಸಿ, ಹಾವೇರಿಯ ಬಯಲಿಗಿಳಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯಾದರೋ ಗಂಗಾಮೂಲದ ಎರಡು ತೊರೆಗಳು ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ಹರಿಹರಗಳನ್ನು ಹಾದು ಬಂದ ನದಿ. ಮಲೆನಾಡಿನ ಎರಡು ಮಗ್ಗುಲಿನ ನೀರು ಹೀಗೆ ಒಂದೇ ಊರಿನ ಮುಂದೆ ಕೂಡುತ್ತದೆ. ಆ ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಸುಮಾರು ಸಾವಿರ ವರ್ಷಗಳಿಂದ ನಿಂತಿದೆ. ಬೆಟ್ಟದ ಮೇಲಿನವರು ಹಳ್ಳಕ್ಕೆ ಬಿಟ್ಟದ್ದೆಲ್ಲ, ಇಂದಲ್ಲದಿದ್ದರೆ ಮುಂದಿನ ಮಳೆಗಾಲದಲ್ಲಿ, ಈ ಸಂಗಮದತ್ತ ಸಾಗುತ್ತದೆ. ವಾಹನದ ಡಿಫರೆನ್ಷಿಯಲ್ ಎಣ್ಣೆಯನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆ ಗ್ಯಾರೇಜಿನದು ಮಾತ್ರವಲ್ಲ, ನದಿಯದೂ ಹೌದು ಎಂದು ಹೇಳಲು ಇಷ್ಟು ಭೂಗೋಳ ಸಾಕು.

ಪರಿಸರ ಚಳವಳಿ ಈವರೆಗೆ ಈ ವಿಷಯವನ್ನು ಮೆಕ್ಯಾನಿಕರ ಪಾಲಿಗೆ ಬಿಟ್ಟಿದೆ. ಮೆಕ್ಯಾನಿಕರು ಅದನ್ನು ಮಾಲೀಕರಿಗೆ ಬಿಟ್ಟಿದ್ದಾರೆ. ಮಾಲೀಕರಲ್ಲಿ ಬಹುಮಂದಿಗೆ ತಮ್ಮ ಗಾಡಿಯ ಹಿಂಭಾಗದಲ್ಲಿ ಅಂಥದೊಂದು ಎಣ್ಣೆ ಇದೆಯೆಂಬುದೇ ತಿಳಿಯದು. ಎಂಜಿನ್ ಎಣ್ಣೆಯನ್ನು ನೆನಪಿನಿಂದ ಬದಲಿಸುವವರೂ ಡಿಫರೆನ್ಷಿಯಲ್ಲನ್ನು ನೆನೆಯುವುದು ಅದು ಗುಂಯ್‌ಗುಡತೊಡಗಿದ ಮೇಲೆಯೇ.

ವಾಹನ ತಿರುವಿನಲ್ಲಿ ಹೊರಳುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಟೈರು ಉಜ್ಜುತ್ತದೆ, ಆಕ್ಸಲ್ ತಿರುಚುತ್ತದೆ. ಎರಡು ಚಕ್ರಗಳಿಗೂ ಬಲವನ್ನು ಹಂಚುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಹಿಂಬದಿ ಚಕ್ರಗಳಿಗೆ ಬಲ ಕೊಡುವ ಜೀಪು, ಓಮ್ನಿ, ಬೊಲೆರೊ, ಲಾರಿಗಳಲ್ಲಿ ಅದು ಹಿಂದಿನ ಆಕ್ಸಲಿನ ನಡುವಣ ಗುಂಡನೆಯ ಕವಚದೊಳಗಿರುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಗಳಲ್ಲಿ ಮುಂದೊಂದು, ಹಿಂದೊಂದು. ಆಲ್ಟೊದಂಥ ಮುಂಬದಿ ಚಾಲನೆಯ ಕಾರುಗಳಲ್ಲಿ ಅದು ಗೇರುಪೆಟ್ಟಿಗೆಯೊಳಗೇ ಸೇರಿಕೊಂಡಿದ್ದು, ಎರಡಕ್ಕೂ ಒಂದೇ ಎಣ್ಣೆ ಸಲ್ಲುತ್ತದೆ. ವಿದ್ಯುತ್ ಕಾರಿಗೆ ಎಂಜಿನ್ ಎಣ್ಣೆ ಬೇಡವಾದರೂ ಹಲ್ಲುಚಕ್ರಗಳೂ ಅವುಗಳ ಎಣ್ಣೆಯೂ ತಪ್ಪಿಲ್ಲ.

ಈ ಕೂಟದ ಮುಖ್ಯ ಜೋಡಿ ಕ್ರೌನ್ ಮತ್ತು ಪಿನಿಯನ್. ಅನೇಕ ಗಾಡಿಗಳಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂಡುತ್ತದೆ. ಇದನ್ನು ಹೈಪಾಯ್ಡ್ ಜೋಡಣೆ ಎನ್ನುತ್ತಾರೆ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಜಾರುತ್ತವೆ ಕೂಡ. ಸಾಮಾನ್ಯ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಆದ್ದರಿಂದಲೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ ಜಿ.ಎಲ್.-5 ದರ್ಜೆಯ ಎಣ್ಣೆಯನ್ನು ಬಳಸುತ್ತಾರೆ. ಅದರ ಮಂದತೆಯನ್ನು 80ಡಬ್ಲ್ಯೂ-90, 85ಡಬ್ಲ್ಯೂ-140 ಮುಂತಾಗಿ ಡಬ್ಬದ ಮೇಲೆ ಮುದ್ರಿಸಿರುತ್ತಾರೆ. ಯಾವುದು ಬೇಕೆಂಬುದನ್ನು ಕೈಪಿಡಿ ಹೇಳುತ್ತದೆ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಡಬ್ಬವಲ್ಲ. ಹಿತ್ತಾಳೆಯ ಉಂಗುರಗಳಿರುವ ಗೇರುಪೆಟ್ಟಿಗೆಗೆ ಅದೇ ಎಣ್ಣೆಯನ್ನು ಸುರಿದರೆ ಆ ಲೋಹಕ್ಕೆ ಕೇಡಾಗುವ ಸಂಭವವೂ ಉಂಟು.

ಈ ಎಣ್ಣೆಗೊಂದು ಹಳೆಯ ಪಾಪದ ಕಥೆಯಿದೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ವಾಹನಗಳ ಗೇರು ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಗಂಧಕದೊಡನೆ ಸಂಸ್ಕರಿಸಿ ಬೆರೆಸುತ್ತಿದ್ದರು. 1970ರಲ್ಲಿ ಆ ದೇಶ ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಉದ್ಯಮ ಬದಲಿಯನ್ನು ಹುಡುಕಬೇಕಾಯಿತು. ಮರುಭೂಮಿಯ ಪೊದೆಯಾದ ಹೊಹೊಬದ ಬೀಜದೆಣ್ಣೆಯತ್ತ ಗಮನ ಹರಿದದ್ದು ಹಾಗೆ. ಕೃತಕ ರಸಾಯನಗಳೂ ಬಂದವು. ತಿಮಿಂಗಿಲವಿಲ್ಲದೆ ಗೇರು ಉಳಿಯದು ಎಂಬ ಮಾತು ಸುಳ್ಳಾಯಿತು, ಗಾಡಿಗಳೇನೂ ನಿಲ್ಲಲಿಲ್ಲ. ಬೇರೆ ದಾರಿಯೇ ಇಲ್ಲವೆಂಬ ವಾದವನ್ನು ಎದುರಿಸುವಾಗಲೆಲ್ಲ ಈ ಸಂಗತಿ ನೆನಪಿನಲ್ಲಿರತಕ್ಕದ್ದು.

ಇನ್ನು ಕಾಲದ ಪ್ರಶ್ನೆ. ಹಿಂಬದಿ ಚಾಲನೆಯ ಕಾರು ಜೀಪುಗಳಿಗೆ 50,000ದಿಂದ 80,000 ಕಿಲೋಮೀಟರಿಗೊಮ್ಮೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ಕೆಲವು ತಯಾರಕರು ಇನ್ನೂ ಕಡಿಮೆ ಹೇಳುತ್ತಾರೆ. ಕೆಲವರು ಗಾಡಿಯ ಆಯುಷ್ಯಪೂರ್ತಿ ಬದಲಿಸಬೇಕಿಲ್ಲ ಎನ್ನುತ್ತಾರೆ. ಈ ಲೆಕ್ಕಗಳು ಸಮನಾದ ರಸ್ತೆಯನ್ನೂ ಹಿತವಾದ ಹೊರೆಯನ್ನೂ ಊಹಿಸಿಕೊಂಡವು. ಘಟ್ಟ ಹತ್ತುವ, ಹೊರೆ ಎಳೆಯುವ, ಕೆಸರಿನಲ್ಲಿ ಹೂಳುವ, ಹಳ್ಳ ದಾಟುವ ಗಾಡಿಗೆ ಅದೇ ಕೈಪಿಡಿಗಳು 'ಕಠಿಣ ಬಳಕೆ' ಎಂಬ ಶೀರ್ಷಿಕೆಯಡಿ ಬೇರೆ ಅವಧಿಯನ್ನು ಕೊಡುತ್ತವೆ. ಅದು ಬಹುತೇಕ ಅರ್ಧದಷ್ಟಿರುತ್ತದೆ. ಮಲೆನಾಡಿನ ಗಾಡಿಗಳೆಲ್ಲ ಈ ಎರಡನೆಯ ಅಂಕಣಕ್ಕೇ ಸೇರಿದವು. ಓದುವವರು ಮಾತ್ರ ಮೊದಲನೆಯದನ್ನು ಓದಿ ಪುಸ್ತಕ ಮುಚ್ಚುತ್ತಾರೆ.

ಕಿಲೋಮೀಟರಿಗಿಂತ ನಂಬಲರ್ಹವಾದ ಸಾಕ್ಷಿ ಎಣ್ಣೆಯೇ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕವಚದ ಮೇಲ್ಭಾಗದ ಬಿರಡೆಯನ್ನು ಬಿಚ್ಚಿದಾಗ ಎಣ್ಣೆ ರಂಧ್ರದ ಕೆಳಅಂಚಿನ ಮಟ್ಟದಲ್ಲಿರಬೇಕು. ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ ಎಂದರ್ಥ. ಆಗ ಕಿಲೋಮೀಟರು ನೋಡದೆ ಬದಲಿಸಬೇಕು. ಸುಟ್ಟ ವಾಸನೆಯೂ ಅಂಥದೇ ಸೂಚನೆ. ಅಯಸ್ಕಾಂತದ ಬಿರಡೆಗೆ ಬೂದುಬಣ್ಣದ ನುಣುಪಾದ ಪುಡಿ ಅಂಟಿಕೊಂಡಿದ್ದರೆ ಅದು ಸಹಜ ಸವೆತ. ಚೂರುಗಳೂ ಚಕ್ಕೆಗಳೂ ಕಂಡರೆ ಹೊಸ ಎಣ್ಣೆ ಮದ್ದಲ್ಲ, ಕವಚವನ್ನೇ ಬಿಚ್ಚಿ ನೋಡಬೇಕು. ಬದಲಿಸುವಾಗ ಮೇಲಿನ ಬಿರಡೆ ಬಿಚ್ಚುತ್ತದೆಯೆಂದು ಖಚಿತವಾದ ಮೇಲಷ್ಟೇ ಕೆಳಗಿನದನ್ನು ತೆಗೆಯಬೇಕು. ಕೆಳಗಿನಿಂದ ಎಲ್ಲ ಸುರಿದುಹೋಗಿ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ಉಳಿಯಬೇಕಾಗುತ್ತದೆ. ಹೊಸ ಎಣ್ಣೆಯನ್ನು ಮಿತಿಮೀರಿ ತುಂಬುವುದೂ ಸಲ್ಲದು. ಹೆಚ್ಚಿನದು ಸೀಲಿನ ಮೂಲಕ ಹೊರಬಂದು ಹಿಂದಿನ ಬ್ರೇಕಿನ ಡ್ರಮ್ಮನ್ನು ತೋಯಿಸಬಲ್ಲದು. ಘಟ್ಟದ ಇಳಿಜಾರಿನಲ್ಲಿ ಎಣ್ಣೆ ಕುಡಿದ ಬ್ರೇಕು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೀರು ಒಳಸೇರುವ ಬಗೆಯನ್ನು ಹೊಳೆದಂಡೆಯವರು ತಿಳಿಯುವುದು ಒಳಿತು. ಓಡಿ ಕಾದ ಆಕ್ಸಲಿನೊಳಗಿನ ಗಾಳಿ ಹಿಗ್ಗಿರುತ್ತದೆ. ಗಾಡಿ ತಟಕ್ಕನೆ ತಣ್ಣೀರಿಗಿಳಿದಾಗ ಆ ಗಾಳಿ ಕುಗ್ಗಿ, ಬ್ರೀದರ್ ಎಂಬ ಉಸಿರುಗೊಳವೆಯಿಂದಲೋ ಸವೆದ ಸೀಲುಗಳಿಂದಲೋ ನೀರನ್ನು ಒಳಕ್ಕೆಳೆಯುತ್ತದೆ. ಹೊಳೆಯ ಪಾತ್ರಕ್ಕಿಳಿಯುವ ಟ್ರ್ಯಾಕ್ಟರಿಗೆ ಈ ಅಪಾಯ ಹೆಚ್ಚು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರು, ಡಿಫರೆನ್ಷಿಯಲ್, ಹೈಡ್ರಾಲಿಕ್ ಎತ್ತುಗ ಇವು ಮೂರಕ್ಕೂ ಒಂದೇ ಎಣ್ಣೆ. ಅದರ ಪ್ರಮಾಣ ಜೀಪಿನಂತೆ ಒಂದೆರಡು ಲೀಟರಲ್ಲ, ಹತ್ತಾರು ಲೀಟರು. ಅದರೊಳಗೆ ನೀರೂ ಮರಳೂ ಹೊಕ್ಕರೆ ಅಷ್ಟನ್ನೂ ಅಕಾಲದಲ್ಲಿ ಚೆಲ್ಲಬೇಕಾಗುತ್ತದೆ. ಮರಳಿಗಾಗಿ ಹೊಳೆಯನ್ನು ಬಗೆಯುವುದರ ಲೆಕ್ಕಕ್ಕೆ ಈ ಎಣ್ಣೆಯ ನಷ್ಟವನ್ನೂ ಸೇರಿಸಬೇಕು. ಈವರೆಗೆ ಅದನ್ನು ಯಾರೂ ಸೇರಿಸಿದಂತಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಎಣ್ಣೆಯನ್ನು ಬದಲಿಸದಿದ್ದರೆ ತ್ಯಾಜ್ಯವೇ ಹುಟ್ಟದು, ಪರಿಸರಕ್ಕೆ ಅದೇ ಒಳಿತಲ್ಲವೇ ಎಂಬುದು ಮೊದಲನೆಯದು. ಈ ಮಾತು ನೋಡಲು ಸರಿಯೆನಿಸಿದರೂ ನಿಲ್ಲುವುದಿಲ್ಲ. ಸತ್ವಗುಂದಿದ ಎಣ್ಣೆ ಹಲ್ಲುಗಳನ್ನೂ ಬೇರಿಂಗುಗಳನ್ನೂ ಸವೆಸುತ್ತದೆ, ಕೆಟ್ಟ ಬೇರಿಂಗು ಸೀಲನ್ನು ಕೆಡಿಸುತ್ತದೆ, ಕೆಟ್ಟ ಸೀಲು ದಾರಿಯುದ್ದಕ್ಕೂ ಎಣ್ಣೆಯನ್ನು ತೊಟ್ಟಿಕ್ಕಿಸುತ್ತದೆ. ಕೊನೆಗೆ ಗಟ್ಟಿಯುಕ್ಕಿನ ಇಡೀ ಕೂಟ ಗುಜರಿ ಸೇರುತ್ತದೆ. ಎರಡು ಲೀಟರು ಉಳಿಸಿದವನು ಅದಿರನ್ನೂ ಕಲ್ಲಿದ್ದಲನ್ನೂ ಪೋಲು ಮಾಡಿದಂತಾಯಿತು. ಎರಡನೆಯ ಆಕ್ಷೇಪ ಇದಕ್ಕೆ ತೀರ ವಿರುದ್ಧವಾದುದು: ಬೇಗ ಬೇಗ ಬದಲಿಸಿದಷ್ಟೂ ಗಾಡಿಗೆ ಕ್ಷೇಮ ಎಂಬುದು. ಒಳ್ಳೆಯ ಸ್ಥಿತಿಯಲ್ಲಿರುವ ಎಣ್ಣೆಯನ್ನು ಚೆಲ್ಲುವುದರಿಂದ ಲಾಭವಾಗುವುದು ಮಾರುವವನಿಗೆ ಮಾತ್ರ. ಪ್ರತಿ ಸರ್ವಿಸಿನಲ್ಲಿಯೂ ಪರೀಕ್ಷಿಸುವುದು, ಕಠಿಣ ಬಳಕೆಯ ಅವಧಿಗೆ ಬದಲಿಸುವುದು, ನೀರು ಹೊಕ್ಕಿದ್ದರೆ ತಡಮಾಡದಿರುವುದು: ಇದೇ ನಡುದಾರಿ.

ಆದರೆ ಸಕಾಲಕ್ಕೆ ಬದಲಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯದು. ಇಳಿಸಿದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಬೆಟ್ಟದ ಊರುಗಳಲ್ಲಿ ಅದರ ಹಾದಿಗಳು ಎಲ್ಲರಿಗೂ ಗೊತ್ತು. ಗ್ಯಾರೇಜಿನ ಹಿಂದಣ ಚರಂಡಿ ಒಂದು. ಧೂಳಡಗಲೆಂದು ಅಂಗಳಕ್ಕೆ ಎರಚುವುದು ಇನ್ನೊಂದು. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವುದು ಮತ್ತೊಂದು. ಕೊನೆಯದನ್ನು ಮಿತವ್ಯಯವೆಂದು ಹೊಗಳುವವರೂ ಇದ್ದಾರೆ. ಮಲೆನಾಡಿನ ಮಳೆಗೆ ಕಂಬದ ಎಣ್ಣೆ ಕಂಬದಲ್ಲಿಯೇ ಉಳಿಯುವುದಿಲ್ಲ. ಅದು ಮಣ್ಣಿಗಿಳಿದು, ಗದ್ದೆಗೂ ಬಾವಿಗೂ ಹಳ್ಳಕ್ಕೂ ಹರಿಯುತ್ತದೆ. ಕೂಟಕ್ಕೆ ಮರದ ರಕ್ಷಣೆಯೇ ಬೇಕಾದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಕರಾವಳಿಯ ಹಿರಿಯರಿಗೆ ತಿಳಿದಿದ್ದ ಉಪಾಯ.

ಒಂದು ಸಲದ ಎಂಜಿನ್ ಎಣ್ಣೆ ಬದಲಾವಣೆಯಿಂದ ಹೊರಬಂದ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಗೇರು ಎಣ್ಣೆಯೂ ಅದೇ ಖನಿಜ ತೈಲದ ಕುಲದ್ದು. ಜೊತೆಗೆ ಗಂಧಕ ರಂಜಕಗಳ ರಸಾಯನಗಳೂ ಲೋಹದ ಪುಡಿಯೂ ಅದರಲ್ಲಿರುತ್ತವೆ. ನೀರಿನ ಮೇಲೆ ಹರಡಿದ ಅದರ ತೆಳುಪೊರೆ ಗಾಳಿಯ ಆಮ್ಲಜನಕ ನೀರಿಗಿಳಿಯುವುದನ್ನು ತಡೆಯುತ್ತದೆ. ಮೀನಿಗೆ ಮೊದಲು ತಟ್ಟುವುದು ಅದೇ.

ಹಾವೇರಿಯ ಸೀಮೆಗೆ ನದಿಯ ಹೋರಾಟ ಹೊಸದೇನಲ್ಲ. 1980ರ ದಶಕದಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ತಿರುಳು ಕಾರ್ಖಾನೆಯ ತ್ಯಾಜ್ಯದ ವಿರುದ್ಧ ತುಂಗಭದ್ರೆಯ ದಂಡೆಯ ಜನ ಎದ್ದುನಿಂತರು; ಸಮಾಜ ಪರಿವರ್ತನ ಸಮುದಾಯ ಅವರೊಡನೆ ನಿಂತಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿಯನ್ನು ಕಿತ್ತು, ಜನೋಪಯೋಗಿ ಸಸಿಗಳನ್ನು ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಆ ಹೋರಾಟಗಳಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ಕೊಳವೆ ಒಂದೇ ಆಗಿತ್ತು. ಹಳೆಯ ಎಣ್ಣೆಯ ವಿಷಯದಲ್ಲಿ ಕೊಳವೆಗಳು ಸಾವಿರ, ಮತ್ತು ಅವುಗಳಲ್ಲಿ ಕೆಲವು ಹೋರಾಟಗಾರರ ಅಂಗಳದಿಂದಲೇ ಹೊರಡುತ್ತವೆ. ಕಾರ್ಖಾನೆಯನ್ನು ಪ್ರಶ್ನಿಸಿದ ನೈತಿಕ ಬಲ ಉಳಿಯಬೇಕಾದರೆ ಸಭೆಗೆ ಜನರನ್ನು ಹೊತ್ತುತರುವ ಜೀಪಿನ ಎಣ್ಣೆಯ ಲೆಕ್ಕವೂ ಶುದ್ಧವಾಗಿರಬೇಕು.

ಕಾನೂನಿನ ಕೊರತೆಯಿಲ್ಲ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೆಂದು 2016ರ ನಿಯಮಗಳು ಹೇಳುತ್ತವೆ. ಅದನ್ನು ಅಧಿಕೃತ ಮರುಸಂಸ್ಕರಣೆಗಾರರಿಗೇ ಸೇರಿಸಬೇಕು. 2023ರ ತಿದ್ದುಪಡಿಯ ಪ್ರಕಾರ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳ ಮೇಲೂ ಮರುಸಂಸ್ಕರಣೆಯ ಹೊಣೆ ಬಿದ್ದಿದೆ. ಆದರೆ ನಿಯಮ ರಾಜಧಾನಿಯಲ್ಲಿದೆ, ಎಣ್ಣೆ ಹಳ್ಳಿಯ ಗ್ಯಾರೇಜಿನಲ್ಲಿದೆ. ಒಬ್ಬ ಮೆಕ್ಯಾನಿಕನ ಬಳಿ ಸೇರುವ ನಾಲ್ಕು ಕ್ಯಾನು ಎಣ್ಣೆಗಾಗಿ ದೂರದ ನಗರದಿಂದ ಯಾರೂ ಬರುವುದಿಲ್ಲ. ಅವನನ್ನು ದೂಷಿಸಿ ಪ್ರಯೋಜನವೂ ಇಲ್ಲ.

ಈ ಅಂತರವನ್ನು ತುಂಬಬೇಕಾದದ್ದು ಸ್ಥಳೀಯ ಸಂಸ್ಥೆ. ಹೋಬಳಿಗೊಂದು ಕಡೆ ಮಾಡಿನಡಿ, ಸಿಮೆಂಟು ನೆಲದ ಮೇಲೆ ಮುಚ್ಚಳವಿರುವ ಡ್ರಮ್ಮುಗಳನ್ನಿಟ್ಟು, ತುಂಬಿದಾಗ ಅಧಿಕೃತ ಸಂಸ್ಥೆಗೆ ಒಪ್ಪಿಸುವ ಏರ್ಪಾಡನ್ನು ಗ್ರಾಮ ಪಂಚಾಯತಿಗಳು ಕೂಡಿ ಮಾಡಬಹುದು. ಬಳಸಿದ ಎಣ್ಣೆಗೆ ಬೆಲೆಯಿರುವುದರಿಂದ ಇದು ಕೇವಲ ಖರ್ಚಿನ ಬಾಬೂ ಅಲ್ಲ. ಎಣ್ಣೆಗೆ ನೀರು, ಸೀಮೆಎಣ್ಣೆ, ಬಣ್ಣದ ತೆಳುಕಗಳನ್ನು ಬೆರೆಸದಿರುವುದೊಂದೇ ಷರತ್ತು. ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಸಲ್ಲಿಸುವುದು ಹಳ್ಳಿಗರ ಕೆಲಸ. ತಮ್ಮ ಊರಿನ ಗ್ಯಾರೇಜುಗಳೆಷ್ಟು, ತಿಂಗಳಿಗೆ ಇಳಿಯುವ ಎಣ್ಣೆಯೆಷ್ಟು, ಅದು ಸೇರುವ ಹಳ್ಳ ಯಾವುದು, ಆ ಹಳ್ಳ ಕೂಡುವ ಹೊಳೆ ಯಾವುದು ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಅಂಥ ನಕ್ಷೆಯೊಂದು ಕೈಯಲ್ಲಿದ್ದರೆ ಪಂಚಾಯತಿಯಲ್ಲಿ ಮಾತಿಗೆ ತೂಕ ಬರುತ್ತದೆ.

ಸಾಗರ ಸೊರಬಗಳ ಕಡೆಯಲ್ಲಿ ಬರೆದ ಗೆರೆ ವರದೆಯನ್ನು ಹಿಡಿದು, ತೀರ್ಥಹಳ್ಳಿ ಕೊಪ್ಪಗಳ ಕಡೆಯಲ್ಲಿ ಬರೆದ ಗೆರೆ ತುಂಗೆಯನ್ನು ಹಿಡಿದು ಗಳಗನಾಥಕ್ಕೇ ಬರುತ್ತದೆ. ಕೆಳಗಿನ ಊರಿನವರು ಮೇಲಿನವರನ್ನು ಬೇಡುವುದು ದೊಡ್ಡದೇನಲ್ಲ: ಗಾಡಿಯ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಬದಲಿಸಿದ್ದನ್ನು ಡಬ್ಬದಲ್ಲಿಡಿ ಎಂದು. ಕುಡಿಯುವ ನೀರಿನ ಹೆಸರಿನಲ್ಲಿ ಇಷ್ಟನ್ನು ಕೇಳುವ ಹಕ್ಕು ಅವರಿಗಿದೆ. ಇಷ್ಟನ್ನು ನಡೆಸಿಕೊಡುವ ಶಕ್ತಿ ಬೆಟ್ಟದವರಿಗೂ ಇದೆ.