ರಾವುತನಿಗೂ ಮುಂದೆ ಕಾಲಾಳು

ತಿರುವನಂತಪುರದ ಕುದಿರಮಾಳಿಗ ಅರಮನೆಯ ಸೂರಿನಡಿ 122 ಕುದುರೆಗಳು ಸಾಲುಗಟ್ಟಿವೆ. ಎಲ್ಲವೂ ಮರದವು. ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಅರಮನೆ ಅದು.

ಜೀವಂತ ಕುದುರೆಗೆ ಆ ನಾಡು ಅಷ್ಟಾಗಿ ಒಗ್ಗಲಿಲ್ಲ. ಹೊಳೆ, ಹಿನ್ನೀರು, ಕೆಸರುಗದ್ದೆ, ಬಿಡದ ಮಳೆ. 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪುವಿನ ಸೈನ್ಯವೂ ಕೊಚ್ಚಿಯ ಉತ್ತರಕ್ಕಿದ್ದ ನೆಡುಂಕೋಟ್ಟದ ಮಣ್ಣುಗೋಡೆಯೆದುರು ಹಿಮ್ಮೆಟ್ಟಬೇಕಾಯಿತು. ತಿರುವಾಂಕೂರು, ಕೊಚ್ಚಿ ಎರಡೂ ನೆಚ್ಚಿದ್ದು ಕಾಲಾಳನ್ನು. ಎರಡೂ ನಾಯರ್ ಬ್ರಿಗೇಡ್ ಕಟ್ಟಿದವು. ತಿರುವಾಂಕೂರಿನ ಒಂದು ಪಡೆ ಸ್ವಾತಂತ್ರ್ಯಾನಂತರ ಮದ್ರಾಸ್ ರೆಜಿಮೆಂಟಿನ 16ನೇ ಬೆಟಾಲಿಯನ್ ಆಯಿತು.

ನಮಗೆ, ಕನ್ನಡಿಗರಿಗೆ, ರಾವುತನ ಶೌರ್ಯವೆಂದರೆ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್, ಅವರ ಭರ್ಜಿ, ಅವರ ನಾಗಾಲೋಟ. ಆ ಓಟಕ್ಕೂ ಮೊದಲು ಯಾರೋ ನೆಲ ಹಿಡಿದು ಕೂತಿರಬೇಕು ಎಂಬುದು ಮಾತ್ರ ನಮ್ಮ ನೆನಪಿನಿಂದ ಜಾರುತ್ತದೆ. ಅದನ್ನು ತಿಳಿಯಲು 1971ರ ಭಾರತ-ಪಾಕಿಸ್ತಾನ ಯುದ್ಧದ ಬಸಂತರ್ ನದಿಗೆ ಹೋಗಬೇಕು.

ಡಿಸೆಂಬರ್ 15ರ ರಾತ್ರಿ. ಪಾಕಿಸ್ತಾನದ ಶಕರ್‌ಗಢದಲ್ಲಿ ನದಿ ದಾಟಿದ ಅದೇ 16 ಮದ್ರಾಸ್ ಬೆಟಾಲಿಯನ್ನಿನ ಯೋಧರು ಆಚೆ ದಡದಲ್ಲಿ ನೆಲೆಯೂರಿದ್ದರು. ಹಿಂದೆ ನೆಲದ ತುಂಬ ಹುಗಿದ ಮೈನ್‌ಗಳು. ಎಂಜಿನಿಯರುಗಳು ದಾರಿ ಬಿಡಿಸುವ ಕೆಲಸ ಇನ್ನೂ ಅರ್ಧದಲ್ಲಿತ್ತು. ಅಷ್ಟರಲ್ಲಿ ಎದುರಿನ ಕತ್ತಲಲ್ಲಿ ಶತ್ರು ಟ್ಯಾಂಕುಗಳ ಸದ್ದು. ಲೆಫ್ಟಿನೆಂಟ್ ಕರ್ನಲ್ ಹನೂತ್ ಸಿಂಗ್ ಕಾಯಲಿಲ್ಲ. ಅವರ ಪೂನಾ ಹಾರ್ಸ್ ಟ್ಯಾಂಕುಗಳು ಮೈನ್‌ಗಳ ನಡುವೆಯೇ ಹಾಯ್ದು ಬಂದವು. ಕುದುರೆ ಹೋಗಿ ಉಕ್ಕು ಬಂದಿದ್ದರೂ ಆ ರೆಜಿಮೆಂಟಿನ ಯೋಧನನ್ನು ಇಂದಿಗೂ ಸವಾರ ಎಂದೇ ಕರೆಯುತ್ತಾರೆ.

ಆ ಸವಾರರಲ್ಲೊಬ್ಬರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್. ವಯಸ್ಸು 21, ಅಧಿಕಾರಿಯಾಗಿ ಆರೇ ತಿಂಗಳಾಗಿತ್ತು. 16ರಂದು ಜರ್ಪಾಲ್ ಬಳಿ ಪ್ಯಾಟನ್ ಟ್ಯಾಂಕುಗಳು ಮುಗಿಬಿದ್ದಾಗ ಬೇರೆ ಸ್ಕ್ವಾಡ್ರನ್‌ನವರು ನೆರವು ಕೇಳಿದರು. ಹತ್ತಿರದಲ್ಲಿದ್ದ ಖೇತ್ರಪಾಲ್ ತಾವಾಗಿಯೇ ಹೊರಟರು. ಅವರ ಸೆಂಚುರಿಯನ್ ಟ್ಯಾಂಕಿನ ಹೆಸರು ‘ಫಾಮಗುಸ್ಟಾ’. ಅದಕ್ಕೆ ಗುಂಡು ಬಡಿದು ಬೆಂಕಿ ಹತ್ತಿತು. ಬಿಟ್ಟು ಬನ್ನಿ ಎಂದು ರೇಡಿಯೊದಲ್ಲಿ ಆದೇಶ ಬಂತು. ತೋಪು ಇನ್ನೂ ಕೆಲಸ ಮಾಡುತ್ತಿತ್ತು, ಅವರು ಇಳಿಯಲಿಲ್ಲ. ಶತ್ರುವಿನ ನಾಲ್ಕು ಟ್ಯಾಂಕ್ ಕೆಡವಿದ ಹಿರಿಮೆ ಅವರದು. ಮತ್ತೊಂದು ಹೊಡೆತ ಅವರನ್ನು ಕೊಂದಿತು. ರೇಡಿಯೊ ಆಪರೇಟರ್ ನಂದ್ ಸಿಂಗ್ ಕೂಡ ಉಳಿಯಲಿಲ್ಲ. ಚಾಲಕ ಪ್ರಯಾಗ್ ಸಿಂಗ್, ಗನ್ನರ್ ನಾಥು ಸಿಂಗ್ ಬದುಕಿದರು. ಈ ಮೂವರ ಹೆಸರನ್ನೂ ಖೇತ್ರಪಾಲರ ಜೊತೆಗೇ ಹೇಳಬೇಕು ಅನಿಸುತ್ತದೆ. ಟ್ಯಾಂಕ್ ಒಬ್ಬನಿಂದ ಓಡುವುದಲ್ಲ.

ಹಾಗೆಯೇ ಇನ್ನೊಂದು ಹೆಸರು: 16 ಮದ್ರಾಸ್‌ನ ಹವಾಲ್ದಾರ್ ಥಾಮಸ್ ಫಿಲಿಪೋಸ್, ಕೇರಳದವರು. ಬಸಂತರ್ ಬಳಿಯ ಶತ್ರುನೆಲೆಯ ಮೇಲೆ ಏರಿಹೋಗುವಾಗ ಸಂಗಡಿಗರು ಬೀಳುತ್ತಿದ್ದರೂ ಉಳಿದವರನ್ನು ಕಟ್ಟಿಕೊಂಡು ಬಯೊನೆಟ್ ಹಿಡಿದು ನುಗ್ಗಿದವರು. ತೀವ್ರವಾಗಿ ಗಾಯಗೊಂಡರೂ ಬದುಕಿ ಬಂದರು. ಖೇತ್ರಪಾಲರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು, ಹನೂತ್ ಸಿಂಗ್ ಮತ್ತು ಫಿಲಿಪೋಸ್ ಇಬ್ಬರಿಗೂ ಮಹಾವೀರ ಚಕ್ರ. ಕರ್ನಲ್‌ಗೂ ಹವಾಲ್ದಾರನಿಗೂ ಎದೆಯ ಮೇಲೆ ಒಂದೇ ಪದಕ.