ನಮ್ಮನ್ನೇ ಪ್ರಶ್ನಿಸುವ ಪುಸ್ತಕಗಳು

ಕಳೆದೆರಡು ತಿಂಗಳಲ್ಲಿ ಮೂವರು ಲೇಖಕಿಯರನ್ನು ಒಬ್ಬರ ಬೆನ್ನಿಗೊಬ್ಬರಂತೆ ಓದಿದೆ. ಬಂಗಾಳದ ಬೇಗಂ ರುಕಿಯಾ, ನಮ್ಮ ಕಾಸರಗೋಡಿನ ಸಾರಾ ಅಬೂಬಕ್ಕರ್, ಹಾಸನದ ಬಾನು ಮುಷ್ತಾಕ್. ಮೂವರೂ ಮುಸ್ಲಿಮ್ ಮಹಿಳೆಯರು. ಮೂವರೂ ನಮ್ಮನ್ನು ಹೊಗಳಲು ಲೇಖನಿ ಹಿಡಿದವರಲ್ಲ. ನೇರವಾಗಿ ನಮ್ಮ ಮನೆಯ ಒಳಕೋಣೆಗೆ ಬಂದು, ಇಲ್ಲೇನು ನಡೆಯುತ್ತಿದೆ ಎಂದು ಕೇಳುವವರು. ಇಂತಹ ಪುಸ್ತಕಗಳನ್ನು ಕಂಡಾಗ ನಮ್ಮಲ್ಲಿ ಅನೇಕರಿಗೆ ಮೊದಲು ಬರುವುದು ಸಿಟ್ಟು. ಮನೆಯ ಮಾತನ್ನು ಬೀದಿಗೆ ತಂದರಲ್ಲ ಎಂಬ ಸಂಕಟ. ಆ ಸಂಕಟ ಸುಳ್ಳಲ್ಲ. ಆದರೆ ಓದದೆ ಸಿಟ್ಟಾಗುವುದಕ್ಕಿಂತ ಓದಿ ತಕರಾರು ಮಾಡುವುದು ಮೇಲು.

ರುಕಿಯಾ ಸಖಾವತ್ ಹುಸೈನ್ ಹುಟ್ಟಿದ್ದು 1880ರಲ್ಲಿ, ರಂಗಪುರದ ಪಾಯ್ರಾಬಂದ್ ಎಂಬ ಹಳ್ಳಿಯ ಜಮೀನ್ದಾರರ ಮನೆಯಲ್ಲಿ. ಆ ಮನೆಯ ಹೆಣ್ಣುಮಕ್ಕಳು ಕುರ್‌ಆನ್ ಓದಬಹುದಿತ್ತು, ಬಂಗಾಳಿ ಮತ್ತು ಇಂಗ್ಲಿಷ್ ಕಲಿಯುವಂತಿರಲಿಲ್ಲ. ಅಕ್ಕ ಕರೀಮುನ್ನಿಸಾ ತಂಗಿಗೆ ಬಂಗಾಳಿ ಹೇಳಿಕೊಟ್ಟರು. ಅಣ್ಣ ಇಬ್ರಾಹೀಮ್ ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಲಿಸಿದರು. ಆ ತಂಗಿಯೇ ಮುಂದೆ ಇಂಗ್ಲಿಷಿನಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆ ಬರೆದರು. 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಝಿನ್'ನಲ್ಲಿ ಅದು ಅಚ್ಚಾಯಿತು. ಗಮನಿಸಿ, ಅದೂ ಮಹಿಳೆಯರ ಪತ್ರಿಕೆಯೇ!

ಕಥೆ ಕೆಲವೇ ಪುಟಗಳದ್ದು. ಸುಲ್ತಾನಾ ತೂಕಡಿಸುತ್ತಾ ಒಂದು ದೇಶಕ್ಕೆ ಹೋಗುತ್ತಾಳೆ. ಅಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ರಾಜ್ಯಭಾರದಲ್ಲಿ. ಸೂರ್ಯನ ಶಾಖವನ್ನು ಸಂಗ್ರಹಿಸಿ ಅಡುಗೆ ಮಾಡುತ್ತಾರೆ, ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ, ಹೊಲವನ್ನು ವಿದ್ಯುತ್ತಿನಿಂದ ಉಳುತ್ತಾರೆ. ಇಪ್ಪತ್ತೊಂದು ವರ್ಷ ತುಂಬದೆ ಹುಡುಗಿಯರ ಮದುವೆಯಿಲ್ಲ ಎಂಬುದು ಅಲ್ಲಿನ ರಾಣಿಯ ಆಜ್ಞೆ. 1905ರಲ್ಲಿ ಬರೆದದ್ದು ಇದು ಎಂಬುದನ್ನು ಮರೆಯಬೇಡಿ, ಸೋಲಾರ್ ಒಲೆಯ ಹೆಸರೂ ನಮ್ಮೂರಲ್ಲಿ ಯಾರೂ ಕೇಳಿರದ ಕಾಲ. ಗಂಡಸರನ್ನು ಕೂಡಿಹಾಕುವುದು ಪರಿಹಾರವಲ್ಲ ಎಂದು ಯಾರಾದರೂ ಹೇಳಬಹುದು. ರುಕಿಯಾ ಅದನ್ನು ಪರಿಹಾರವೆಂದು ಹೇಳುತ್ತಲೂ ಇಲ್ಲ. ಕನ್ನಡಿಯನ್ನು ತಿರುಗಿಸಿ ಹಿಡಿದು, ಈಗ ಹೇಗನಿಸುತ್ತದೆ ಎಂದು ನಗುತ್ತಾ ಕೇಳುತ್ತಿದ್ದಾರೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳು ಒಂದೇ ಸಂಜೆಯಲ್ಲಿ ಓದಿ ನಿಮಗೆ ಕಥೆಯನ್ನು ಕನ್ನಡದಲ್ಲಿ ಹೇಳಿಯಾಳು.

ಅವರದೇ ಇನ್ನೊಂದು ಪುಸ್ತಕ 'ಅವರೋಧ್‌ಬಾಸಿನಿ', 1931ರದು. ನಾಲ್ಕು ಗೋಡೆಗಳೊಳಗೆ ಬಂಧಿಯಾದವಳು ಎಂದು ಹೆಸರಿನ ಅರ್ಥ. ಸಣ್ಣ ಸಣ್ಣ 47 ಘಟನೆಗಳು. ಒಂದನ್ನು ಓದಿದ ಮೇಲೆ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ರೈಲು ಬದಲಿಸುವಾಗ ಮಹಿಳೆಯೊಬ್ಬರು ತಮ್ಮ ಉಡುಪಿಗೇ ಎಡವಿ ಹಳಿಗಳ ನಡುವೆ ಬೀಳುತ್ತಾರೆ. ಎತ್ತಲು ಬಂದ ಗಂಡಸರನ್ನು ಸೇವಕಿ ತಡೆಯುತ್ತಾಳೆ, ಪರಪುರುಷರು ಮುಟ್ಟಬಾರದೆಂದು. ಒಬ್ಬಳೇ ಎತ್ತಲು ಅವಳಿಂದಾಗುವುದಿಲ್ಲ. ಕಾದು ಕಾದು ರೈಲು ಹೊರಟೇಬಿಡುತ್ತದೆ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಕಲಿಸುವ ಧರ್ಮದವರ ನಡುವೆ ನಡೆದ ಘಟನೆ ಇದು!

ಹಾಗೆಂದು ರುಕಿಯಾ ಬುರ್ಖಾದ ವಿರೋಧಿಯಾಗಿದ್ದರೇ? ಇಲ್ಲ. ಸ್ವತಃ ಧರಿಸುತ್ತಿದ್ದರು, ಅದನ್ನು ಸಮರ್ಥಿಸಿ 'ಬುರ್ಖಾ' ಎಂಬ ಲೇಖನವನ್ನೂ ಬರೆದಿದ್ದರು. ಅವರು ವಿರೋಧಿಸಿದ್ದು ಹೆಣ್ಣನ್ನು ಅಕ್ಷರದಿಂದ, ಗಾಳಿ ಬೆಳಕಿನಿಂದ ದೂರವಿಡುವುದನ್ನು. ಪತಿ 1909ರಲ್ಲಿ ತೀರಿಕೊಂಡ ಕೆಲವೇ ತಿಂಗಳಲ್ಲಿ, ಅವರು ಬಿಟ್ಟುಹೋದ ಹಣದಿಂದ ಭಾಗಲ್ಪುರದಲ್ಲಿ ಐವರು ಹುಡುಗಿಯರ ಶಾಲೆ ತೆರೆದರು. ಅಲ್ಲಿಂದ ಕಲ್ಕತ್ತಾಕ್ಕೆ ಬಂದು 1911ರಲ್ಲಿ ಎಂಟು ಮಂದಿಯಿಂದ ಮತ್ತೆ ಆರಂಭಿಸಿದರು. ಅಂದು ಪರ್ದಾದ ಹೆಸರು ಹೇಳಿ ಹುಡುಗಿಯರನ್ನು ಶಾಲೆಗೆ ಕಳಿಸುತ್ತಿರಲಿಲ್ಲ. 2022ರಲ್ಲಿ ನಮ್ಮ ಉಡುಪಿಯಲ್ಲಿ ಹುಡುಗಿಯರು ತಾವಾಗಿ ಕಾಲೇಜಿಗೆ ಬಂದು ನಿಂತರು, ತಲೆಯ ಮೇಲಿನ ಸ್ಕಾರ್ಫ್ ನೆಪವಾಗಿ ಗೇಟು ಮುಚ್ಚಿತು. ಎರಡು ಸಲವೂ ತರಗತಿಯಿಂದ ಹೊರಗುಳಿದವಳು ಮಾತ್ರ ಒಬ್ಬಳೇ.

ಇನ್ನು 'ಚಂದ್ರಗಿರಿಯ ತೀರದಲ್ಲಿ'. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಓದದವರೂ ಅದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿರುತ್ತೀರಿ! ಓದುಗ ಸೋದರಿಯೊಬ್ಬರು ಪತ್ರ ಬರೆದು ಕೇಳಿದ್ದರು: ಪಿಯುಸಿಯ ಮಗಳು ಲೈಬ್ರರಿಯಿಂದ ಈ ಪುಸ್ತಕ ತಂದಿದ್ದಾಳೆ, ಓದಲು ಬಿಡಲೇ? ಬಿಡಿ ಸೋದರಿ. ಅವಳು ಮುಗಿಸಿದ ಮೇಲೆ ನೀವೂ ಓದಿ, ನಂತರ ಇಬ್ಬರೂ ಕುಳಿತು ಮಾತಾಡಿ. ಮಾತಾಡಲು ಬೇಕಾದಷ್ಟಿದೆ.

ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಬಿಡಲು ಬಯಸಿದವರಲ್ಲ. ತಂದೆಯ ಹಟ ಅವರ ನಡುವೆ ತಲಾಕನ್ನು ತಂದು ನಿಲ್ಲಿಸುತ್ತದೆ. ಮತ್ತೆ ಒಂದಾಗಬೇಕೆಂದಾಗ, ಅವಳು ಇನ್ನೊಬ್ಬನನ್ನು ಒಂದು ರಾತ್ರಿಗಾಗಿ ವರಿಸಬೇಕೆಂಬ ಮಾತು ಬರುತ್ತದೆ. ನಾದಿರಾ ಮಸೀದಿಯ ಕೊಳದಲ್ಲಿ ಕೊನೆಯಾಗುತ್ತಾಳೆ. ಮಗಳಿಗೆ ಇಲ್ಲಿ ಹೇಳಬೇಕಾದ ಮಾತಿದೆ. ಗಂಡ ಹೆಂಡಿರ ನಡುವೆ ಬಿರುಕಿನ ಭಯವಿದ್ದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕರೆಯಿರಿ ಎಂದು ಸೂರಃ ಅನ್ನಿಸಾ ಹೇಳುತ್ತದೆ. ತಲಾಕ್ ಎರಡು ಬಾರಿ, ಅನಂತರ ಒಳ್ಳೆಯ ರೀತಿಯಲ್ಲಿ ಇರಿಸಿಕೊಳ್ಳಬೇಕು ಅಥವಾ ಒಳ್ಳೆಯ ರೀತಿಯಲ್ಲೇ ಬೀಳ್ಕೊಡಬೇಕು ಎಂದು ಸೂರಃ ಅಲ್‌ಬಕರಃ ಹೇಳುತ್ತದೆ. ಮೊದಲ ಗಂಡನಿಗೆ ಹಲಾಲ್ ಮಾಡಿಕೊಡಲೆಂದೇ ಏರ್ಪಡಿಸುವ ನಿಕಾಹನ್ನು ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಪ್ರವಾದಿ(ಸ)ಯವರು ಶಪಿಸಿದ್ದಾರೆ. ನಾದಿರಾಳನ್ನು ಕೊಳದ ದಂಡೆಗೆ ತಳ್ಳಿದ್ದು ಧರ್ಮವಲ್ಲ, ಧರ್ಮದ ಅಂಗಿ ತೊಟ್ಟ ರೂಢಿ. ಈ ವ್ಯತ್ಯಾಸ ಕಾದಂಬರಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಬರಬೇಕಿತ್ತೆಂಬುದು ನನ್ನ ತಕರಾರು. ಆದರೆ ನ್ಯಾಯವಾಗಿ ಹೇಳುವುದಾದರೆ, ಆ ವ್ಯತ್ಯಾಸವನ್ನು ತಿಳಿಸಿಕೊಡುವುದು ಕಾದಂಬರಿಗಾರ್ತಿಗಿಂತ ಮೊದಲು ನಮ್ಮ ಮೊಹಲ್ಲಾಗಳ ಕೆಲಸವಾಗಿತ್ತು. 2017ರಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ತ್ರಿವಳಿ ತಲಾಕನ್ನು ಅಸಿಂಧುಗೊಳಿಸಿದಾಗ ಹೊರಗಿನವರು ನಮಗೆ ಪಾಠ ಹೇಳುತ್ತಿದ್ದಾರೆಂದು ನಾವು ನೊಂದುಕೊಂಡೆವು. 1981ರಲ್ಲಿ ನಮ್ಮವಳೇ ಒಬ್ಬಳು ಹೇಳಿದಾಗ ಎಷ್ಟು ಮಂದಿ ಕಿವಿಗೊಟ್ಟೆವು?

ಸಾರಾ ಅಬೂಬಕ್ಕರ್ 1936ರಲ್ಲಿ ಹುಟ್ಟಿದವರು, 2023ರ ಜನವರಿಯಲ್ಲಿ ನಮ್ಮನ್ನಗಲಿದರು. ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಮದುವೆಯಾಗಿ, ಮನೆ ಸಂಸಾರ ನಡೆಸುತ್ತಾ ಓದುವ ಹಂಬಲವನ್ನು ಅಷ್ಟು ವರ್ಷ ಕಾಪಾಡಿಕೊಂಡು ಬಂದರಲ್ಲ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬಾನು ಮುಷ್ತಾಕ್‌ರ ಕಥೆಗಳ ಬಗ್ಗೆ 2025ರ ಮೇ ತಿಂಗಳಿಂದ ಎಲ್ಲರೂ ಬರೆದಿದ್ದಾರೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು, ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದಿದ್ದು ಅದೇ ಮೊದಲು. ಪ್ರಶಸ್ತಿಯ ಮಾತು ಸಾಕು. ನನಗೆ ಆ ಕಥೆಗಳಲ್ಲಿ ಕಂಡವರು ಇಬ್ಬರು ಹಿರಿಮಗಳಂದಿರು. ಶಾಯಿಸ್ತಾಳ ಕಥೆಯಲ್ಲಿ ಹೆಂಡತಿಗಾಗಿ ಮಹಲನ್ನೇ ಕಟ್ಟಿಸುವ ಮಾತಾಡುವ ಗಂಡ, ಅವಳು ತೀರಿಕೊಂಡ ಬಳಿಕ ಹೆಚ್ಚು ದಿನ ಕಾಯದೆ ಇನ್ನೊಂದು ಮದುವೆಯಾಗುತ್ತಾನೆ. ಎಲ್ಲರೂ ಆ ಗಂಡನ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಅಸೀಫಾ, ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಓದು ಬಿಟ್ಟು ಮನೆಯಲ್ಲಿ ಉಳಿದ ಹುಡುಗಿ. ಅವಳನ್ನು ನಾವೆಲ್ಲರೂ ನೋಡಿದ್ದೇವೆ. ಮದುವೆ ಮನೆಗಳಲ್ಲಿ ಸೊಂಟದಲ್ಲಿ ಮಗುವನ್ನೆತ್ತಿಕೊಂಡು ಓಡಾಡುವ ಅವಳನ್ನು 'ಎಷ್ಟು ಜವಾಬ್ದಾರಿ' ಎಂದು ಮೆಚ್ಚಿಯೂ ಇದ್ದೇವೆ.

ಇನ್ನೊಬ್ಬಳು 'ಎದೆಯ ಹಣತೆ'ಯ ಸಲ್ಮಾ. ಗಂಡ ಕೈಬಿಟ್ಟನೆಂದು ಮೆಹರುನ್ ತವರಿಗೆ ಬರುತ್ತಾಳೆ. ಅಣ್ಣಂದಿರು ಮನೆತನದ ಮಾನದ ಮಾತಾಡಿ ಅವಳನ್ನು ಹಿಂದಕ್ಕೆ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಸಲ್ಮಾ ಎಚ್ಚರಾಗಿ, ಕೂಸನ್ನೆತ್ತಿಕೊಂಡು ಓಡಿಬಂದು ತಾಯಿಯನ್ನು ತಬ್ಬಿಕೊಳ್ಳುತ್ತಾಳೆ. ತಾಯಿ ಉಳಿಯುತ್ತಾಳೆ. ನಾದಿರಾಳ ಕಥೆಯ ಮಗ್ಗುಲಲ್ಲಿಟ್ಟು ಇದನ್ನು ಓದಿ. ಕೊಳದ ದಂಡೆಯಲ್ಲಿ ಕೈ ಹಿಡಿಯಲು ಯಾರೂ ಇರಲಿಲ್ಲ, ಇಲ್ಲಿ ಒಬ್ಬಳು ಪುಟ್ಟ ಹುಡುಗಿ ಇದ್ದಳು. ಆತ್ಮಹತ್ಯೆ ಹರಾಮ್ ಎಂದು ನಾವು ಮೆಹರುನ್ನಳಿಗೆ ಹೇಳುತ್ತೇವೆ, ಹೇಳಲೇಬೇಕು. ತಂಗಿ ಬಾಗಿಲಿಗೆ ಬಂದಾಗ ಒಳಗೆ ಕರೆಯದ ಅಣ್ಣಂದಿರಿಗೆ ಏನು ಹೇಳುತ್ತೇವೆ? ಆ ಬಾಗಿಲಿನ ಒಳಗೆ ನಿಂತ ಅತ್ತಿಗೆಯಂದಿರೂ ನಾವೇ ಅಲ್ಲವೇ?

ಮೂರೂ ಭಾರವಾದ ಓದು. ಮುಂದಿನ ತಿಂಗಳಿಗೆ ವೈಕಂ ಮುಹಮ್ಮದ್ ಬಷೀರರ 'ಪಾತುಮ್ಮಳ ಆಡು' ತೆಗೆದಿಟ್ಟಿದ್ದೇನೆ. ಮನೆ ತುಂಬ ಹೆಂಗಸರು, ಮಕ್ಕಳು, ಗಲಾಟೆ. ಅದರ ನಡುವೆ ಸಿಕ್ಕಿದ್ದನ್ನೆಲ್ಲ ತಿನ್ನುವ ಆ ಆಡು ಬಷೀರರದೇ 'ಬಾಲ್ಯಸಖಿ' ಪುಸ್ತಕವನ್ನೂ ತಿಂದುಹಾಕುತ್ತದೆ. ಓದಿರದವರು ಅಷ್ಟರೊಳಗೆ ಹುಡುಕಿಟ್ಟುಕೊಳ್ಳಿ, ಒಟ್ಟಿಗೆ ನಗೋಣ.